ಕೇಡರ್‌ಗೆ ಹೋಗದ ಸಿಪಾಯಿಯ ಲೆಕ್ಕ

ಭೂಸೇನೆಯಲ್ಲಿ ಸಿಪಾಯಿಯಾಗಿಯೇ ಉಳಿದವನಿಗೆ 17 ವರ್ಷ ನೌಕರಿ. ನಾಯಕ್ ಆದರೆ 22, ಹವಾಲ್ದಾರ್ ಆದರೆ 24, ನಾಯಬ್ ಸುಬೇದಾರನಿಗೆ 26, ಸುಬೇದಾರನಿಗೆ 28. ಸ್ಕ್ರೀನಿಂಗ್ ಬೋರ್ಡ್ ಒಪ್ಪಿದರೆ ಅದರ ಮೇಲೆ ಎರಡು ವರ್ಷ ಎಕ್ಸ್‌ಟೆನ್ಷನ್. ವಯಸ್ಸಿನ ಮಿತಿ ಬೇರೆ ಇದೆ. ಆದರೆ ಹತ್ತೊಂಬತ್ತು ಇಪ್ಪತ್ತಕ್ಕೆ ಭರ್ತಿಯಾದ ಹುಡುಗನಿಗೆ ಮೊದಲು ಎದುರಾಗುವುದು ದರ್ಜೆಯ ಮಿತಿಯೇ. ಬೆಳಗಾವಿ ಜಿಲ್ಲೆಯಲ್ಲಿ ಮನೆಗೊಬ್ಬ ಫೌಜಿ ಇರುವ ಊರುಗಳಿವೆ, ಅಲ್ಲೆಲ್ಲ ಈ ಅಂಕಿಗಳು ಬಾಯಿಪಾಠ. ಅವುಗಳನ್ನು ರೂಪಾಯಿಗೆ ತಿರುಗಿಸಿ ನೋಡಿದವರನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ. ಪಲ್ಟನ್ನಿನ ಆಫೀಸಿನಲ್ಲಿ ಕ್ಲರ್ಕ್ ಆಗಿ, ಹವಾಲ್ದಾರನಾಗಿ ಪೆನ್ಷನ್ ಬಂದವನು ನಾನು. ಪ್ರಮೋಷನ್ನಿಗೆ ಬೇಕಾದ ಕೇಡರ್ ಕೋರ್ಸಿಗೆ ‘ಅನ್‌ವಿಲ್ಲಿಂಗ್’, ಅಂದರೆ ಒಲ್ಲೆ ಎಂದು ಬರೆದುಕೊಟ್ಟವರ ಕಾಗದಗಳು ನನ್ನ ಟೇಬಲ್ಲಿನ ಮೇಲೂ ಹಾದುಹೋಗಿವೆ.

ನನ್ನ ತಮ್ಮ ಬೇರೆ ಕೋರಿನಲ್ಲಿದ್ದ. ಅವನ ಟ್ರೇಡಿನಲ್ಲಿ ಖಾಲಿ ಜಾಗ ಕಡಿಮೆ, ಪ್ರಮೋಷನ್ ಬಹಳ ನಿಧಾನ. ನಾಯಕ್ ಕೇಡರ್‌ಗೆ ಅವನ ಹೆಸರು ಬರುವ ಹೊತ್ತಿಗೆ 16 ವರ್ಷ ತುಂಬಿ ಎರಡನೇ ಎಂಎಸಿಪಿ, ಅಂದರೆ ಪ್ರಮೋಷನ್ ಇಲ್ಲದೆಯೂ ಸಿಗುವ ಸಂಬಳದ ಏರಿಕೆ, ಸಿಕ್ಕಾಗಿತ್ತು. ರಜೆಗೆ ಬಂದಾಗ ಹೇಳಿದ: “ಅಣ್ಣಾ, ಪಗಾರ ಹ್ಯಾಂಗೂ ಹವಾಲ್ದಾರಂದ ಬರಾಕತ್ತೈತಿ. ಇನ್ನ ಎರಡ ಪಟ್ಟಿ ಹಚ್ಚಕೊಂಡು ಏನ ಮಾಡೂದೈತಿ? ಮತ್ತ ಫೀಲ್ಡಿಗೆ ಕಳಸ್ತಾರ.” ಅಪ್ಪನಿಗೆ ಮೈಯಲ್ಲಿ ಹುಷಾರಿರಲಿಲ್ಲ, ಮಗಳು ಹೈಸ್ಕೂಲಿಗೆ ಬಂದಿದ್ದಳು, ಕಬ್ಬಿನ ಹೊಲ ಲಾವಣಿಗೆ ಹೋಗಿತ್ತು. ಮನೆಗೆ ಬರಬೇಕೆಂಬ ಆಸೆಯಲ್ಲಿ ತಪ್ಪೇನಿಲ್ಲ. ಕೇಡರ್ ಬೇಡ ಎಂದು ಬರೆದುಕೊಟ್ಟ. 17 ವರ್ಷಕ್ಕೆ, 36ನೇ ವಯಸ್ಸಿಗೆ, ಟ್ರಂಕ್ ಕಟ್ಟಿಕೊಂಡು ಊರಿಗೆ ಬಂದ.

ಅವನ ಮಾತಿನ ಮೊದಲರ್ಧ ಪೂರ್ತಿ ನಿಜ. 8, 16, 24 ವರ್ಷಕ್ಕೆ ಬರುವ ಎಂಎಸಿಪಿಯಿಂದ ಸಿಪಾಯಿ ಎರಡನೇ ಮೆಟ್ಟಿಲಲ್ಲೇ ಲೆವೆಲ್ 5 ಮುಟ್ಟುತ್ತಾನೆ, ಅದು ಹವಾಲ್ದಾರನ ಲೆವೆಲ್. ಆಮೇಲೆ ನಾಯಕ್ ಆದರೆ ಬೇಸಿಕ್‌ನಲ್ಲಿ ಒಂದು ರೂಪಾಯಿಯೂ ಏರುವುದಿಲ್ಲ. ಪೇ ಸ್ಲಿಪ್ ನೋಡಿ ನಿರ್ಧಾರ ಮಾಡುವವನಿಗೆ ಪ್ರಮೋಷನ್ ಬರೀ ಜವಾಬ್ದಾರಿಯಾಗಿ ಕಾಣುವುದು ಇದಕ್ಕೇ. ಎಂಎಸಿಪಿ ಸಂಬಳವನ್ನು ಎತ್ತುತ್ತದೆ, ನೌಕರಿಯ ಅವಧಿಯನ್ನು ಮುಟ್ಟುವುದೇ ಇಲ್ಲ. ಅವಧಿ ತೋಳಿನ ಪಟ್ಟಿಯ ಲೆಕ್ಕದಲ್ಲೇ ನಡೆಯುತ್ತದೆ. ಇನ್ನೊಂದು ಮಾತು. ಎಂಎಸಿಪಿ ಬರುವ ಮೊದಲೇ ಪ್ರಮೋಷನ್ ಬೇಡ ಎಂದವನಿಗೆ ಆ ಎಂಎಸಿಪಿಯೂ ಇಲ್ಲ. ತಮ್ಮ ಆ ಹೊಡೆತ ತಪ್ಪಿಸಿಕೊಂಡಿದ್ದ.

ಈಗ ಲೆಕ್ಕಕ್ಕೆ ಬನ್ನಿ, ಪೆನ್ನು ಹಿಡಿದುಕೊಂಡೇ ಓದಿ. ಅವನ ಕೊನೆಯ ಬೇಸಿಕ್ 39,200. ಮಿಲಿಟರಿ ಸರ್ವಿಸ್ ಪೇ (ಎಂಎಸ್‌ಪಿ) 5,200. ಕೂಡಿದರೆ 44,400. ಅದರರ್ಧ 22,200 ಪೆನ್ಷನ್. ತುಟ್ಟಿಭತ್ಯೆ (ಡಿಎ) ಸಂಬಳ, ಪೆನ್ಷನ್ ಎರಡಕ್ಕೂ ಒಂದೇ ಶೇಕಡಾವಾರು ಬರುವುದರಿಂದ ಸದ್ಯ ಬದಿಗಿಡೋಣ. ನೌಕರಿಯಲ್ಲಿ ಇದ್ದಿದ್ದರೆ ಬರುತ್ತಿದ್ದದ್ದಕ್ಕೂ ಈಗ ಬರುವ ಪೆನ್ಷನ್ನಿಗೂ ಅಂತರ ತಿಂಗಳಿಗೆ 22,200. ಇದು ಮೊದಲ ವರ್ಷದ್ದು. ನಾಯಕ್ ಆಗಿ 22ರವರೆಗೆ ಇದ್ದಿದ್ದರೆ ಇನ್‌ಕ್ರಿಮೆಂಟ್ ಸೇರಿ ಬೇಸಿಕ್ 40,400, 41,600, 42,800, 44,100 ಎಂದು ಏರುತ್ತಿತ್ತು. ಹಾಗಾಗಿ ತಿಂಗಳ ಅಂತರವೂ ಎರಡನೇ ವರ್ಷ 23,400, ಮೂರನೆಯದು 24,600, ನಾಲ್ಕನೆಯದು 25,800, ಐದನೆಯದು 27,100. ಐದನ್ನೂ ಕೂಡಿಸಿ ಹನ್ನೆರಡರಿಂದ ಗುಣಿಸಿದರೆ 14,77,200 ರೂಪಾಯಿ.

ಇಲ್ಲಿಗೆ ಮುಗಿಯುವುದಿಲ್ಲ. 22 ವರ್ಷಕ್ಕೆ ಬಂದಿದ್ದರೆ ಕೊನೆಯ ಸಂಬಳ ಎಂಎಸ್‌ಪಿ ಸೇರಿ 49,300, ಪೆನ್ಷನ್ 24,650. ಈಗಿನದಕ್ಕಿಂತ 2,450 ಹೆಚ್ಚು, ಅದೂ ಜೀವನಪೂರ್ತಿ. 41ರಿಂದ 75ರವರೆಗೆ 408 ತಿಂಗಳು, ಒಟ್ಟು 9,99,600. ಎರಡೂ ಸೇರಿದರೆ 25 ಲಕ್ಷದ ಹತ್ತಿರ. ಐದು ವರ್ಷದ ಹೆಚ್ಚಿನ ಗ್ರಾಚ್ಯುಟಿಯನ್ನು ನಾನಿನ್ನೂ ಕೂಡಿಸಿಲ್ಲ. 2024ರ ಜನವರಿಯಲ್ಲಿ ಡಿಎ ಶೇ 50 ಮುಟ್ಟಿದಾಗ ತಿಂಗಳ ಈ ಅಂತರವೂ ಒಂದೂವರೆ ಪಟ್ಟು ಆಯಿತು, ಅದನ್ನೂ ಸೇರಿಸಿಲ್ಲ. ಮುಂದೆ ಹವಾಲ್ದಾರ್ ಆಗಿದ್ದರೆ ಇನ್ನೆರಡು ವರ್ಷ ಸಿಗುತ್ತಿತ್ತು. ಅದನ್ನಂತೂ ಬಿಟ್ಟೇಬಿಟ್ಟಿದ್ದೇನೆ, ಎರಡನೇ ಪ್ರಮೋಷನ್ ಯಾರ ಕೈಯಲ್ಲೂ ಇರುವುದಿಲ್ಲ.

ಹೊರಗೆ ಬಂದವನು ಸುಮ್ಮನೆ ಕೂರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಕೂರಲಿಲ್ಲ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆದ, ಕೈಗೆ 18,000. ಐದು ವರ್ಷಕ್ಕೆ 10,80,000 ಬಂತು. ಸಂಬಳದ ಅಂತರದಲ್ಲಿ ಅದನ್ನು ಕಳೆದರೂ ನಾಲ್ಕು ಲಕ್ಷ ಕೊರತೆ. ರೂಮಿನ ಬಾಡಿಗೆ, ಖಾನಾವಳಿ, ಹಬ್ಬಕ್ಕೆ ಊರಿಗೆ ಓಡಾಡುವ ಬಸ್ ಚಾರ್ಜು ಬೇರೆ. ಮನೆಯಲ್ಲಿರಬೇಕೆಂದು ಸೈನ್ಯ ಬಿಟ್ಟವನು ಮನೆಯಲ್ಲಿ ಉಳಿಯಲಿಲ್ಲ. ನನ್ನ ಮನಸ್ಸಿಗೆ ನಾಲ್ಕು ಲಕ್ಷಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಇದು. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲಾತಿ ಇದೆ, ವಯಸ್ಸಿನ ರಿಯಾಯಿತಿಯೂ ಇದೆ. ಆದರೆ ಪರೀಕ್ಷೆ ಪಾಸಾಗಬೇಕು. ಪುಸ್ತಕ ಮುಟ್ಟಿ ಹದಿನೇಳು ವರ್ಷವಾದವನು ಅದಕ್ಕೆ ನೌಕರಿಯಲ್ಲಿರುವಾಗಲೇ ತಯಾರಾಗಬೇಕು.

ಇನ್ನು ಕಮ್ಯುಟೇಶನ್, ಅಂದರೆ ಪೆನ್ಷನ್ನಿನ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವುದು. ತಮ್ಮ ಐವತ್ತು ಪರ್ಸೆಂಟ್ ಪೂರ್ತಿ ತೆಗೆದುಕೊಂಡ, ಎಲ್ಲರೂ ತೆಗೆದುಕೊಳ್ಳುತ್ತಾರೆಂದು. ಆ ವಯಸ್ಸಿಗೆ ಫ್ಯಾಕ್ಟರ್ ಸುಮಾರು 9.1. ಪೆನ್ಷನ್ನಿನಲ್ಲಿ 11,100 ಕಡಿತ, ಕೈಗೆ 12 ಲಕ್ಷ ಚಿಲ್ಲರೆ. 15 ವರ್ಷದಲ್ಲಿ ಕಡಿತವಾಗುವುದು 19,98,000. ಬಡ್ಡಿಯಲ್ಲಿ ಹೇಳುವುದಾದರೆ ಶೇ 7ಕ್ಕಿಂತ ಮೇಲಿನ ಸಾಲ. ಮನೆಸಾಲವೋ ಸೊಸೈಟಿ ಸಾಲವೋ ತೀರಿಸುವುದಿದ್ದರೆ ತೆಗೆದುಕೊಳ್ಳಿ, ನಾನೇ ಹೇಳುತ್ತೇನೆ. ತಮ್ಮನಿಗೆ ಸಾಲವೇ ಇರಲಿಲ್ಲ. ಹಣ ಅಕೌಂಟಿಗೆ ಬಿದ್ದ ವಾರವೇ ಒಬ್ಬ ಏಜೆಂಟ್ ಮನೆಗೆ ಬಂದ. ಅವನೂ ಮಾಜಿ ಫೌಜಿ, “ರಾಮ್ ರಾಮ್” ಎಂದೇ ಒಳಗೆ ಕಾಲಿಟ್ಟ. ಹತ್ತು ವರ್ಷ ಕಟ್ಟುವ ‘ಗ್ಯಾರಂಟಿ’ ಪಾಲಿಸಿಗೆ ಸಹಿ ಹಾಕಿಸಿಕೊಂಡು ಹೋದ.

ಈ ಪಾಲಿಸಿಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಕಟ್ಟುವ ಕಂತು, ಕೊನೆಗೆ ಬರುವ ಮೊತ್ತ ಎರಡನ್ನೂ ಇಸವಿ ಪ್ರಕಾರ ಬರೆದು ನೋಡಿದೆ, ವರ್ಷಕ್ಕೆ ಶೇ 5ರ ಮೇಲೆ ಏಳಲಿಲ್ಲ. ಏಳು ಪರ್ಸೆಂಟಿಗೆ ತಂದ ಹಣವನ್ನು ಐದಕ್ಕೆ ಕೊಟ್ಟಂತಾಯಿತು. ಮಧ್ಯದಲ್ಲಿ ನಿಲ್ಲಿಸಿದರೆ ಕಟ್ಟಿದ್ದರಲ್ಲೂ ಒಂದಷ್ಟು ಕೈಬಿಡಬೇಕು. ವಿಮೆಯ ಮೊತ್ತವೋ, ಕುಟುಂಬ ಒಂದು ವರ್ಷ ದಾಟುವಷ್ಟೂ ಇಲ್ಲ. ವಿಮೆ ಬೇಕಿದ್ದರೆ ಟರ್ಮ್ ತೆಗೆದುಕೊಳ್ಳಿ, ಉಳಿತಾಯ ಬೇಕಿದ್ದರೆ ಪಿಪಿಎಫ್ ಇದೆ, ಪೋಸ್ಟ್ ಆಫೀಸ್ ಇದೆ. ಎರಡನ್ನೂ ಒಂದರಲ್ಲೇ ಕೊಡುತ್ತೇನೆಂದು ಬಂದವನಿಗೆ, ಅವನು ಯಾವ ಪಲ್ಟನ್ನಿನವನೇ ಆಗಿರಲಿ, ಚಹಾ ಕೊಟ್ಟು ಕಳಿಸಿ.

2022ರ ಜೂನ್ 14ರ ನಂತರ ಭರ್ತಿಯ ದಾರಿಯೇ ಬದಲಾಯಿತು. ಅಗ್ನಿವೀರನಿಗೆ ನಾಲ್ಕು ವರ್ಷ. ಆಮೇಲೆ ಹೆಚ್ಚೆಂದರೆ ಶೇ 25 ಮಂದಿ ಒಳಗೆ ಉಳಿಯುತ್ತಾರೆ. ಹೊರಬರುವವರಿಗೆ ಸುಮಾರು 11.71 ಲಕ್ಷ ಸೇವಾನಿಧಿ, ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ. ತಮ್ಮನಿಗೆ ಐದು ವರ್ಷ ಹೋಯಿತು, ಈ ಹುಡುಗರಿಗೆ ಹೋಗಬಹುದಾದದ್ದು ಪೆನ್ಷನ್ನೇ. ಒಳಗೆ ಉಳಿದವನ ಮುಂದೆ ಕನಿಷ್ಠ 15 ವರ್ಷದ ನೌಕರಿ ಇರುತ್ತದೆ. ಇಪ್ಪತ್ತನಾಲ್ಕರ ಹುಡುಗನ ಕೈಗೆ ಒಮ್ಮೆಲೇ ಹನ್ನೆರಡು ಲಕ್ಷ ಬಂದಾಗ ಅದೇ ಏಜೆಂಟರು ಅವನ ಮನೆಗೂ ಬರುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನೌಕರಿಯಲ್ಲಿರುವ ತಮ್ಮಂದಿರಿಗೆ ಒಂದು ಮಾತು. ಹತ್ತನೇ ವರ್ಷಕ್ಕೇ ಒಂದು ನೋಟ್‌ಬುಕ್ ಮಾಡಿ. ಈಗಿನ ದರ್ಜೆಯಲ್ಲಿ ಯಾವ ತಾರೀಖಿಗೆ ಹೊರಗೆ, ಒಂದು ಪಟ್ಟಿ ಹೆಚ್ಚಾದರೆ ಯಾವ ತಾರೀಖು, ಆ ದಿನ ಮಗಳು ಎಷ್ಟನೇ ಕ್ಲಾಸು, ಯಾವ ಸಾಲ ಎಷ್ಟು ಉಳಿದಿರುತ್ತದೆ, ಎಲ್ಲ ಒಂದೇ ಪುಟದಲ್ಲಿ ಬರೆಯಿರಿ. ಪ್ರತಿ ರಜೆಯಲ್ಲೂ ಹೆಂಡತಿಯ ಜೊತೆ ಕೂತು ಆ ಪುಟ ತಿದ್ದಿ. ಕ್ಯಾಂಟೀನ್ ಫ್ರಿಜ್ಜಿಗೆ, ಬುಲೆಟ್ ಗಾಡಿಗೆ ನಾಲ್ಕು ಅಂಗಡಿ ಸುತ್ತಿ ದರ ಕೇಳುತ್ತೀರಿ. ಐದು ವರ್ಷದ ನೌಕರಿ ಬಿಡುವಾಗ ಯಾರನ್ನೂ ಕೇಳುವುದಿಲ್ಲ. ರೂಮಿನವನು ಬರೆದುಕೊಟ್ಟ ಎಂದು ನೀವೂ ಬರೆದುಕೊಡಬೇಡಿ, ಅವನ ಹೊಲ, ಅವನ ಮನೆ ಬೇರೆ.

ಮೆಡಿಕಲ್ ಕೆಟಗರಿಯಿಂದ ಪ್ರಮೋಷನ್ ತಪ್ಪಿದವರಿಗೆ, ಸೀನಿಯಾರಿಟಿಯಲ್ಲಿ ಕೆಳಗೆ ಸಿಕ್ಕಿಹಾಕಿಕೊಂಡವರಿಗೆ ನಾನು ಇದನ್ನು ಹೇಳುತ್ತಿಲ್ಲ, ಅವರಿಗೆ ಆಯ್ಕೆಯೇ ಇರಲಿಲ್ಲ. ಕೇಡರ್‌ಗೆ ಹೆಸರು ಬಂದಿದೆ, ಮೈಯಲ್ಲಿ ಕಸುವಿದೆ ಎನ್ನುವವರು ಹೋಗಿ ಬನ್ನಿ. ಮನೆಯ ತಾಪತ್ರಯ ನಿಜಕ್ಕೂ ದೊಡ್ಡದಿದ್ದರೆ 25 ಲಕ್ಷ ಬಿಟ್ಟು ಬಂದರೂ ನಾನು ತಪ್ಪೆನ್ನುವುದಿಲ್ಲ. ಆದರೆ ಮೊತ್ತ ಗೊತ್ತಿದ್ದು ಬನ್ನಿ, ಪೆನ್ಷನ್ ಆದೇಶ (ಪಿಪಿಒ) ಕೈಗೆ ಬಂದ ಮೇಲೆ ನಿರ್ಧಾರ ಬದಲಿಸಲು ದಾರಿಯಿಲ್ಲ.