ದ್ರಾಕ್ಷಿ ಕಣ್ಣಿನ ಪರೀಕ್ಷೆ: ಪ್ರಯೋಗಾಲಯದಿಂದ ತೋಟಕ್ಕೆ

ವಿಜಯಪುರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ವರ್ಷಕ್ಕೆ ಎರಡು ಚಾಟ್ನಿ, ಒಂದು ಫಸಲು ಎಂಬುದು ತಿಳಿದ ವಿಷಯವೇ. ಏಪ್ರಿಲ್ ಚಾಟ್ನಿಯಿಂದ ಹೊಸ ಕಡ್ಡಿ, ಅಕ್ಟೋಬರ್ ಚಾಟ್ನಿಯಿಂದ ಹಣ್ಣು. ಆದರೆ ಅಕ್ಟೋಬರ್ ಚಾಟ್ನಿಯ ನಂತರ ಚಿಗುರು ಸೊಂಪಾಗಿ ಬಂದರೂ ಗೊಂಚಲೇ ಕಾಣದ ತೋಟಗಳುಂಟು. ಆಗ ಬೆಳೆಗಾರನು ಔಷಧದ ಅಂಗಡಿಗೆ ಓಡುತ್ತಾನೆ. ಕಣ್ಣಿನೊಳಗೆ ಇಲ್ಲದ ಗೊಂಚಲನ್ನು ಯಾವ ಸಿಂಪರಣೆಯೂ ತರಲಾರದು.

ಗೊಂಚಲು ಹುಟ್ಟುವುದು ಅಕ್ಟೋಬರ್‌ನಲ್ಲಲ್ಲ. ಏಪ್ರಿಲ್ ಚಾಟ್ನಿಯಾದ ಸುಮಾರು 40 ರಿಂದ 60 ದಿನಗಳಲ್ಲಿ ಎಳೆಯ ಕಡ್ಡಿಯ ಕಣ್ಣುಗಳೊಳಗೆ ಅತಿ ಸಣ್ಣ ಅಂಕುರ ಮೂಡುತ್ತದೆ. ಬಿಸಿಲು ಮತ್ತು ಬಳ್ಳಿಯಲ್ಲಿ ಕೂಡಿಟ್ಟ ಆಹಾರ ಸಾಕಷ್ಟಿದ್ದರೆ ಅದು ಗೊಂಚಲಾಗುತ್ತದೆ. ನೆರಳು, ಮೋಡ, ಅತಿಯಾದ ಸಾರಜನಕ ಇದ್ದಲ್ಲಿ ಅದೇ ಅಂಕುರ ಆಸರೆ ಹಿಡಿಯುವ ಸುರುಳಿಬಳ್ಳಿಯಾಗಿ ಬಿಡುತ್ತದೆ.

ಸಂಶೋಧನೆಯ ಈ ಸಂಗತಿ ಹಳ್ಳಿಗೆ ತಲಪುವಾಗ “ಏಪ್ರಿಲ್‌ನಲ್ಲಿಯೇ ಚಾಟ್ನಿ ಮಾಡಿರಿ” ಎಂಬ ಒಂದು ಸಾಲಾಗಿ ಉಳಿಯುತ್ತದೆ; ಕಾರಣ ದಾರಿಯಲ್ಲೇ ಕಳೆದುಹೋಗುತ್ತದೆ. ಕೊಳವೆಬಾವಿಯ ನೀರು ಇಳಿದಾಗ ರೈತನು ಮಳೆ ಬರಲೆಂದು ಚಾಟ್ನಿಯನ್ನು ಮೇ ಕೊನೆಗೆ ತಳ್ಳುತ್ತಾನೆ. ನೀರಿನ ಮಟ್ಟಿಗೆ ಅವನ ಲೆಕ್ಕ ಸರಿಯೇ. ಆದರೆ ಕಣ್ಣು ರೂಪುಗೊಳ್ಳುವ ದಿನಗಳು ಜುಲೈ ಮೋಡಕ್ಕೆ ಸಿಕ್ಕಿಬಿಡುತ್ತವೆ. ಕಾರಣ ಬಲ್ಲವನು ಕಬ್ಬಿನ ರವದಿ ಹೊದಿಸಿ, ಹನಿ ನೀರು ಕೊಟ್ಟು, ತೋಟದ ಒಂದು ಭಾಗವನ್ನಾದರೂ ವೇಳೆಗೆ ಸವರಲು ನೋಡುತ್ತಾನೆ. ದಟ್ಟವಾದ ಚಿಗುರುಗಳನ್ನು ತೆಗೆದು ಕಡ್ಡಿಗೆ ಬೆಳಕು ಬೀಳುವಂತೆ ಮಾಡುತ್ತಾನೆ.

ಇನ್ನು ಅಕ್ಟೋಬರ್ ಚಾಟ್ನಿಯಲ್ಲಿ ಕತ್ತರಿ ಎಲ್ಲಿ ಹಾಕಬೇಕು? ಥಾಮ್ಸನ್ ಸೀಡ್‌ಲೆಸ್ ತಳಿಯಲ್ಲಿ ಬುಡದ ಕಣ್ಣುಗಳಲ್ಲಿ ಗೊಂಚಲು ಕಡಿಮೆ. ಗೊಂಚಲಿರುವ ಕಣ್ಣು ಐದನೆಯದೋ, ಎಂಟನೆಯದೋ ಎಂಬುದು ತೋಟಕ್ಕೂ ವರ್ಷಕ್ಕೂ ಬದಲಾಗುತ್ತದೆ. ನೆರೆಯವನನ್ನು ನೋಡಿ ಕತ್ತರಿಸುವುದು ಜೂಜಾಟವೇ ಸರಿ. ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ಗೊಂಚಲು ಕಾಣುತ್ತದೆ. ಪುಣೆ ಬಳಿಯ ಮಾಂಜರಿಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಂತಹ ಸಂಸ್ಥೆಗಳಿಗೆ ಇದು ಪರಿಚಿತ ವಿಧಾನ.

ಚಾಟ್ನಿಗೆ 10-15 ದಿನ ಮುಂಚೆ, ತೋಟದ ಬೇರೆಬೇರೆ ಕಡೆಯ ಬಳ್ಳಿಗಳಿಂದ ಕಡ್ಡಿಗಳನ್ನು ಬುಡಸಹಿತ ಕತ್ತರಿಸಬೇಕು. ದಪ್ಪ, ನಡುತರ, ತೆಳು ಕಡ್ಡಿಗಳನ್ನು ಬೇರೆಬೇರೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಟಿ ಹಚ್ಚಿ ತಡಮಾಡದೆ ಒಯ್ಯಬೇಕು. ಚೆನ್ನಾಗಿ ಕಾಣುವ ಕಡ್ಡಿಗಳನ್ನೇ ಆಯ್ದು ತರುವ ರೂಢಿಯಿದೆ. ಅದರಿಂದ ತಂದವರ ಮನಸ್ಸಿಗೆ ಸಮಾಧಾನವಾದೀತು, ತೋಟದ ಸ್ಥಿತಿ ತಿಳಿಯದು. ಏಪ್ರಿಲ್ ಚಾಟ್ನಿಯ ತಾರೀಖನ್ನೂ ಚೀಟಿಯಲ್ಲಿ ಬರೆಯಬೇಕು. ಪರೀಕ್ಷೆಯಲ್ಲಿ ಗೊಂಚಲು ಕಂಡ ಕಣ್ಣನ್ನು ಉಳಿಸಿ ಅದರ ಮೇಲ್ಗಡೆ ಸವರಬೇಕು.

ವಿಸ್ತರಣಾ ಕಾರ್ಯಕರ್ತರು ಫಲಿತಾಂಶದ ಚೀಟಿ ಹಂಚಿ ಕೈತೊಳೆದುಕೊಳ್ಳದೆ, ಸೂಕ್ಷ್ಮದರ್ಶಕವನ್ನೇ ಊರಿಗೆ ತಂದು ಸೀಳಿದ ಕಣ್ಣನ್ನು ತೋರಿಸುವುದು ಒಳ್ಳೆಯದು. ರೈತರೂ ಚಾಟ್ನಿಯಾದ ಮೇಲೆ ಗುರುತಿಟ್ಟ ಹತ್ತು ಬಳ್ಳಿಗಳಲ್ಲಿ ಗೊಂಚಲು ಎಣಿಸಿ, ಪರೀಕ್ಷೆ ಮಾಡಿದವರಿಗೆ ತಿಳಿಸಬೇಕು. ಲೆಕ್ಕ ತಪ್ಪಿದ್ದರೆ ಅದನ್ನು ಮೊದಲು ತಿಳಿಸಬೇಕು.