ಟಿಪ್ಪಣಿ: ಮಲ್ಯ ಹಸ್ತಾಂತರ ಪ್ರಕರಣ
• ಹಸ್ತಾಂತರ: ಆರೋಪಿ ಅಥವಾ ಅಪರಾಧಿಯನ್ನು ಒಂದು ದೇಶ ಇನ್ನೊಂದಕ್ಕೆ ಒಪ್ಪಿಸುವುದು. ಗಡಿಪಾರು ಬೇರೆ, ಗೊಂದಲ ಬೇಡ.
• ಕಾನೂನು: ಭಾರತದ ಹಸ್ತಾಂತರ ಕಾಯ್ದೆ, 1962, ಭಾರತ–ಬ್ರಿಟನ್ ಒಪ್ಪಂದ, 1992.
• ಹಿನ್ನೆಲೆ: ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ, ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲ ಪ್ರಕರಣ. ದೇಶ ತೊರೆದದ್ದು ಮಾರ್ಚ್ 2016. ಲಂಡನ್‌ನಲ್ಲಿ ಬಂಧನ, ಜಾಮೀನು ಏಪ್ರಿಲ್ 2017.
• ಭರವಸೆ: ಜೈಲು ಸ್ಥಿತಿಯ ಬಗ್ಗೆ ಮಲ್ಯ ಪರ ಆಕ್ಷೇಪಕ್ಕೆ ಭಾರತದ ಉತ್ತರವಾಗಿ ಮುಂಬೈ ಆರ್ಥರ್ ರಸ್ತೆ ಜೈಲಿನ 12ನೇ ಬ್ಯಾರಕ್‌ನ ವಿಡಿಯೊ ಸಲ್ಲಿಕೆ.
• ತೀರ್ಪು: ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯದ ಸಮ್ಮತಿ ಡಿಸೆಂಬರ್ 2018, ಬ್ರಿಟನ್‌ನ ಅಂದಿನ ಗೃಹ ಸಚಿವ ಸಾಜಿದ್ ಜಾವಿದ್ ಆದೇಶ ಫೆಬ್ರವರಿ 2019, ಹೈಕೋರ್ಟ್‌ನಲ್ಲಿ ಮೇಲ್ಮನವಿ ವಜಾ ಏಪ್ರಿಲ್ 2020.
• ವಿಳಂಬ: ಗೋಪ್ಯ ಕಾನೂನು ಅಂಶ ಇತ್ಯರ್ಥವಾಗಬೇಕೆಂದು ಬ್ರಿಟನ್ ಸರ್ಕಾರ 2020ರಲ್ಲಿ ಹಸ್ತಾಂತರ ತಡೆಹಿಡಿಯಿತು.
• ನೆನಪಿಡಿ: ಪರಾರಿ ಆರ್ಥಿಕ ಅಪರಾಧಿಗಳ ಕಾಯ್ದೆ, 2018ರಡಿ ಘೋಷಿತರಾದ ಮೊದಲಿಗರು ಮಲ್ಯ (ಜನವರಿ 2019).