ಕುಡುಗೋಲಿನ ಹಲ್ಲು

ಅಕ್ಕ, ನಿಮ್ಮ ಮನೆಯ ಕುಡುಗೋಲನ್ನು ಕೈಗೆ ತೆಗೆದುಕೊಳ್ಳಿ. ನೀವು ಅದನ್ನು ಕುಡ್ಲು ಎನ್ನಬಹುದು, ಕುಡುಗೋಲು ಎನ್ನಬಹುದು. ಹೆಸರು ಯಾವುದಾದರೇನು? ರಾಗಿ ಕೊಯ್ಯಲು ಅದೇ ಬೇಕು. ಭತ್ತ ಕೊಯ್ಯಲು ಅದೇ ಬೇಕು. ದನಕ್ಕೆ ಹುಲ್ಲು ತರಲೂ ಅದೇ ಬೇಕು. ಈಗ ಅನೇಕ ಕಡೆ ಕೊಯ್ಯುವ ಯಂತ್ರ ಬಂದಿದೆ. ಆದರೂ ಸಣ್ಣ ಹೊಲಕ್ಕೆ, ಮಳೆಗೆ ಬಿದ್ದ ಪೈರಿಗೆ, ಬದುವಿನ ಹುಲ್ಲಿಗೆ ಕುಡುಗೋಲೇ ಗತಿ.

ಈಗ ಅದನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಮುಖ ನುಣ್ಣಗಿದೆಯೆ? ಇನ್ನೊಂದು ಮುಖದಲ್ಲಿ, ಬಾಯಿಯ ಉದ್ದಕ್ಕೂ, ಓರೆಯಾದ ಸಣ್ಣ ಗೀರುಗಳಿವೆಯೆ? ಇದ್ದರೆ ಅದು ಹಲ್ಲು ಕುಡುಗೋಲು. ಆ ಗೀರುಗಳೇ ಅದರ ಹಲ್ಲು. ಅವನ್ನು ಹೇಗೆ ಮಾಡುತ್ತಾರೆ? ಹೇಗೆ ಉಳಿಸಿಕೊಳ್ಳಬೇಕು? ಈ ಪಾಠದಲ್ಲಿ ತಿಳಿಯೋಣ.

ಹಲ್ಲು ಏಕೆ ಬೇಕು?

ಈಳಿಗೆ ಮಣೆಗೆ ಹಲ್ಲಿಲ್ಲ. ಬದನೆಕಾಯಿ, ಸೌತೆಕಾಯಿ ಮೆತ್ತಗೆ. ನುಣ್ಣನೆಯ ಬಾಯಿ ಸಾಕು. ಕಾಯಿ ತುರಿಯುವ ಮಣೆಗೆ ಹಲ್ಲಿದೆ. ಹಲ್ಲಿಲ್ಲದಿದ್ದರೆ ಕಾಯಿ ಜಾರುತ್ತದೆ, ತುರಿ ಬರುವುದಿಲ್ಲ. ಮರ ಕೊಯ್ಯುವ ಗರಗಸಕ್ಕೂ ಹಲ್ಲಿದೆ.

ಪೈರಿನ ದಂಟು ದುಂಡಗೆ, ನುಣ್ಣಗೆ ಇರುತ್ತದೆ. ಮೊಂಡಾದ ನುಣ್ಣನೆಯ ಬಾಯಿಯ ಮೇಲೆ ಅದು ಜಾರುತ್ತದೆ. ಹಲ್ಲು ಇದ್ದರೆ ದಂಟನ್ನು ಹಿಡಿದು ನಿಲ್ಲಿಸುತ್ತದೆ. ನಾವು ನಮ್ಮ ಕಡೆಗೆ ಎಳೆದಾಗ ಗರಗಸದ ಹಾಗೆ ಕೊಯ್ಯುತ್ತದೆ. ಬೀಸಿ ಹೊಡೆಯುವ ಕೆಲಸವಿಲ್ಲ. ಎಳೆದರೆ ಸಾಕು.

ಇನ್ನೊಂದು ಕಾರಣವೂ ಇದೆ. ಭತ್ತದ ಹುಲ್ಲಿನಲ್ಲಿ ಸಿಲಿಕ ಎಂಬ ವಸ್ತು ಇದೆ. ಮರಳಿನಲ್ಲಿ ಇರುವುದೂ ಅದೇ. ಹುಲ್ಲು ಕೈಗೆ ತರಚುವುದು ಅದರಿಂದಲೇ. ಅದು ಕುಡುಗೋಲಿನ ಬಾಯನ್ನೂ ದಿನದಿನಕ್ಕೆ ಸವೆಸುತ್ತದೆ. ನುಣ್ಣನೆಯ ಬಾಯಿ ಬೇಗ ಮೊಂಡಾಗುತ್ತದೆ. ಹಲ್ಲಿನ ಬಾಯಿ ಹೆಚ್ಚು ದಿನ ತಾಳುತ್ತದೆ.

ಮೊಂಡು ಕುಡುಗೋಲಿನ ಕಷ್ಟ ನಿಮಗೇ ಗೊತ್ತು. ಸಂಜೆಗೆ ಮಣಿಕಟ್ಟು ನೋಯುತ್ತದೆ. ಜಗ್ಗಿದರೆ ಪೈರು ಬುಡಸಮೇತ ಕಿತ್ತು ಬರುತ್ತದೆ. ಕಾಳು ಉದುರುತ್ತದೆ. ಕೈ ಜಾರಿದರೆ ಬೆರಳಿಗೇ ಪೆಟ್ಟು. ಗುತ್ತಿಗೆಗೆ ಕೊಯ್ಯುವವರಿಗೆ ಕೂಲಿಯೂ ಕಡಿಮೆ. ಆದ್ದರಿಂದ ಹಲ್ಲಿನ ವಿಷಯ ಸಣ್ಣದಲ್ಲ.

ಕುಲುಮೆಯಲ್ಲಿ ಹಲ್ಲು ಹಾಕುವ ಬಗೆ

ಹಲ್ಲು ಹಾಕಲು ದೊಡ್ಡ ಯಂತ್ರ ಬೇಡ. ಸುತ್ತಿಗೆ, ಉಳಿ, ಅರ, ಅಡೆಗಲ್ಲು, ಬೆಂಕಿ, ನೀರು ಇದ್ದರೆ ಸಾಕು. ಮುಖ್ಯವಾದುದು ಕೈಯ ಹದ.

1. ಕಮ್ಮಾರರು ಉಕ್ಕಿನ ಪಟ್ಟಿಯನ್ನು ಕಾಯಿಸಿ, ಬಡಿದು, ಬಾಗಿಸಿ ಅಲಗು ಮಾಡುತ್ತಾರೆ. ಅನೇಕರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಳಸುತ್ತಾರೆ. ಅದು ಒಳ್ಳೆಯ ಉಕ್ಕು.

2. ಅಲಗನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡುತ್ತಾರೆ. ಹಾಗೆ ಆರಿದ ಉಕ್ಕು ಮೆತ್ತಗಾಗುತ್ತದೆ. ಉಳಿಯ ಮಾತು ಕೇಳುತ್ತದೆ.

3. ಒಂದು ಮುಖವನ್ನು ಅರದಿಂದ ಉಜ್ಜಿ ಸಮ ಮಾಡುತ್ತಾರೆ. ಹಲ್ಲು ಬರುವುದು ಈ ಮುಖದಲ್ಲಿ.

4. ಅಲಗನ್ನು ಅಡೆಗಲ್ಲಿನ ಮೇಲೆ ಇಟ್ಟು, ಉಳಿಯನ್ನು ಓರೆಯಾಗಿ ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಹಾಕುತ್ತಾರೆ. ಒಂದು ಏಟಿಗೆ ಒಂದು ಗೀರು. ಗೀರು ಬಿದ್ದಾಗ ಅದರ ಪಕ್ಕದಲ್ಲಿ ಲೋಹ ಸ್ವಲ್ಪ ಉಬ್ಬುತ್ತದೆ. ಉಳಿಯನ್ನು ಆ ಉಬ್ಬಿಗೆ ತಾಗಿಸಿ ಮುಂದಿನ ಏಟು ಹಾಕುತ್ತಾರೆ. ಅಳತೆಪಟ್ಟಿ ಇಲ್ಲದೆಯೇ ಗೀರುಗಳು ಒಂದೇ ಅಂತರದಲ್ಲಿ ಬರುತ್ತವೆ. ಹಲ್ಲಿನ ಮೊನೆ ಹಿಡಿಯ ಕಡೆಗೆ ತಿರುಗಿರಬೇಕು. ಆಗ ಎಳೆದಾಗ ಕೊಯ್ಯುತ್ತದೆ.

5. ಈಗ ಹದ ಹಾಕುವುದು. ಅಲಗನ್ನು ಮತ್ತೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಉಕ್ಕು ಗಟ್ಟಿಯಾಗುತ್ತದೆ. ಆದರೆ ಗಾಜಿನ ಹಾಗೆ ಒಡೆಯುವ ಗುಣವೂ ಬರುತ್ತದೆ. ಅದಕ್ಕೇ ಮತ್ತೊಮ್ಮೆ ಸಣ್ಣ ಬೆಂಕಿಗೆ ಹಿಡಿಯುತ್ತಾರೆ. ಉಜ್ಜಿ ಹೊಳಪು ಮಾಡಿದ ಕಡೆ ಬಣ್ಣ ಏರುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಬೇಕಾದ ಬಣ್ಣ ಬಂದ ಕೂಡಲೇ ನಿಲ್ಲಿಸುತ್ತಾರೆ. ಹದ ಹೆಚ್ಚಾದರೆ ಹಲ್ಲು ಮುರಿಯುತ್ತದೆ. ಕಡಿಮೆಯಾದರೆ ಹಲ್ಲು ಮಡಚುತ್ತದೆ.

6. ಕೊನೆಗೆ ಹಲ್ಲಿಲ್ಲದ ಮುಖವನ್ನು ಕಲ್ಲಿನ ಮೇಲೆ ಮಸೆಯುತ್ತಾರೆ. ಬಾಯಿ ತೆಳ್ಳಗಾಗುತ್ತಾ ಬರುತ್ತದೆ. ಆ ಕಡೆಯ ಗೀರುಗಳು ಅಂಚಿಗೆ ಬಂದು ಹಲ್ಲಾಗಿ ಕಾಣುತ್ತವೆ.

ನೋಡಿದಿರಾ? ಗೀರು ಹಾಕುವುದು ಉಕ್ಕು ಮೆತ್ತಗಿರುವಾಗ. ಹದ ಹಾಕುವುದು ಆಮೇಲೆ. ಈ ಕ್ರಮ ತಪ್ಪಬಾರದು.

ಒಂದು ಮಾತುಕತೆ

ಸುಗ್ಗಿಯ ಕಾಲ. ಒಬ್ಬ ಹೆಣ್ಣುಮಗಳು ಕುಲುಮೆಗೆ ಬಂದಿದ್ದಾಳೆ. ಕಮ್ಮಾರಜ್ಜ ತಿದಿ ಒತ್ತುತ್ತಿದ್ದಾನೆ.

“ಏನಜ್ಜಾ, ಹೋದ ಸುಗ್ಗೀಲಿ ಕೊಟ್ಟ ಕುಡ್ಲು ಈಗ್ಲೇ ಮೊಂಡಾಯ್ತಲ್ಲ!”

“ಎಲ್ಲಿ, ತೋರ್ಸವ್ವ. ಅಯ್ಯೋ, ಹಲ್ಲೇ ಇಲ್ವಲ್ಲ. ನೀನು ಯಾವ ಮಕ ಮಸೀತಿದ್ದೆ?”

“ಎರಡೂ ಮಕ ಮಸೀತಿದ್ದೆ. ಎರಡು ಕಡೆ ಮಸೆದ್ರೆ ಹೆಚ್ಚು ಚೂಪಾಗ್ತದೆ ಅಲ್ವಾ?”

“ಅಲ್ಲೇ ತಪ್ಪಿದ್ದು ಕಣವ್ವ. ಹಲ್ಲಿರೋ ಮಕ ಮಸೆದ್ರೆ ಹಲ್ಲೇ ಸವೆದುಹೋಗ್ತದೆ. ನುಣ್ಣಗಿರೋ ಮಕ ಮಾತ್ರ ಮಸೀಬೇಕು.”

“ಅದನ್ನೂ ಮಸೆದ್ರೆ ಸವೆಯಲ್ವಾ ಅಜ್ಜಾ?”

“ಸವೀತದೆ. ಆದ್ರೆ ಹಲ್ಲು ಹೋಗಲ್ಲ. ನಿಮ್ಮನೆ ಮೇಲೆ ಅಲೆ ತಗಡು ಹಾಕಿದ್ದೀರಲ್ಲ, ಅದರ ತುದಿ ನೋಡು. ಹಾವು ಹರಿದಂಗೆ ಏರಿಳಿತ ಕಾಣ್ತದೆ. ಒಂದು ಗೇಣು ತಗಡು ಕತ್ತರಿಸಿ ತೆಗೆದ್ರೆ?”

“ಆಗ್ಲೂ ತುದೀಲಿ ಏರಿಳಿತ ಇದ್ದೇ ಇರ್ತದೆ.”

“ಇದೂ ಹಂಗೇ. ಗೀರು ಒಳಗಡೆವರೆಗೂ ಐತೆ. ನುಣ್ಣನೆ ಕಡೆಯಿಂದ ಮಸೆದಂಗೆಲ್ಲ ಹೊಸ ಹಲ್ಲು ಬಾಯಿಗೆ ಬರ್ತದೆ.”

“ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಅಜ್ಜಾ?”

“ಕುಡ್ಲು ತಗೊಂಡೋಗೋಕೆ ನಿಮ್ಮನೆಯವ್ರು ಬರ್ತಾರೆ. ಮಸೆಯೋಳು ನೀನು. ನೀನು ಬಂದು ಕೇಳಿದ್ದು ಇವತ್ತೇ ಅಲ್ವಾ?”

ಅಜ್ಜನ ಮಾತು ನಿಜ. ಕೆಲಸ ಮಾಡುವ ಕೈ ಒಂದು, ಆಯುಧ ಆರಿಸುವ ಕೈ ಇನ್ನೊಂದು ಆಗಬಾರದು. ಕುಡುಗೋಲು ಹಿಡಿಯುವವಳೇ ಕುಲುಮೆಗೆ ಹೋಗಬೇಕು. ತನ್ನ ಕೈಗೆ ಬೇಕಾದ್ದನ್ನು ಕೇಳಬೇಕು.

ಮಸೆಯುವ ಬಗೆ

ಮಸೆಗಲ್ಲನ್ನು ನೀರಿನಲ್ಲಿ ನೆನೆಸಿ. ಅಲ್ಲಾಡದ ಹಾಗೆ ಇಡಿ. ನುಣ್ಣನೆಯ ಮುಖವನ್ನು ಕಲ್ಲಿಗೆ ತಾಗಿಸಿ. ಮೊದಲಿನ ಇಳಿಜಾರು ಹೇಗಿದೆಯೋ ಹಾಗೆಯೇ ಓರೆ ಹಿಡಿಯಿರಿ. ಬುಡದಿಂದ ತುದಿಯವರೆಗೆ ಒಂದೇ ಸಮ ಮಸೆಯಿರಿ. ಒಂದೇ ಜಾಗ ಮಸೆದರೆ ಅಲ್ಲಿ ಗುಳಿ ಬೀಳುತ್ತದೆ.

ಮಸೆದ ಮೇಲೆ ಹಲ್ಲಿನ ಕಡೆ ಕೂದಲಿನಷ್ಟು ತೆಳ್ಳನೆಯ ತರಿ ಏಳುತ್ತದೆ. ಬೆರಳಿಂದ ಮುಟ್ಟಬೇಡಿ. ಒಂದು ಮೆತ್ತನೆಯ ಮರದ ತುಂಡಿನ ಮೇಲೆ ಎರಡು ಸಲ ಮೆಲ್ಲಗೆ ಎಳೆಯಿರಿ. ತರಿ ಹೋಗುತ್ತದೆ.

ತಿರುಗುವ ಸಾಣೆ ಚಕ್ರಕ್ಕೆ ಕೊಡುವಾಗ ಎಚ್ಚರ. ಚಕ್ರದಲ್ಲಿ ಅಂಚು ಬೇಗ ಕಾಯುತ್ತದೆ. ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತು ಎಂದು ತಿಳಿಯಿರಿ. ಆಗಾಗ ನೀರಿಗೆ ಅದ್ದಲು ಹೇಳಿ.

ಸವೆದ ಹಲ್ಲಿಗೆ ಅರ ಹಿಡಿಯುವುದು

ಹಳೆಯ ಗೀರು ಸ್ವಲ್ಪವಾದರೂ ಕಾಣುತ್ತಿದ್ದರೆ ಮನೆಯಲ್ಲೇ ಅದನ್ನು ಆಳ ಮಾಡಬಹುದು. ಅದಕ್ಕೆ ಮೂರು ಮೂಲೆಯ ಸಣ್ಣ ಅರ ಬೇಕು. ಗರಗಸದ ಹಲ್ಲು ಚೂಪು ಮಾಡಲು ಬಡಗಿಗಳು ಬಳಸುವ ಅರ ಅದೇ. ಅದಕ್ಕೆ ಮರದ ಹಿಡಿ ಇರಲೇಬೇಕು. ಹಿಡಿ ಇಲ್ಲದ ಅರದ ಬಾಲ ಅಂಗೈಗೆ ಚುಚ್ಚುತ್ತದೆ.

ಮೊದಲು ಪರೀಕ್ಷೆ ಮಾಡಿ. ಬುಡದ ಹತ್ತಿರ ಅರದಿಂದ ಒಂದು ಸಲ ಉಜ್ಜಿ. ಅರ ಕಚ್ಚಿ ಪುಡಿ ಬಂದರೆ ಕೆಲಸ ಆಗುತ್ತದೆ. ಕಚ್ಚದೆ ಜಾರಿದರೆ ಉಕ್ಕು ಬಹಳ ಗಟ್ಟಿ. ಅರ ಹಾಳಾಗುತ್ತದೆ. ಕುಲುಮೆಗೆ ಒಯ್ಯಿರಿ. ಗೀರು ಪೂರ್ತಿ ಅಳಿಸಿಹೋಗಿದ್ದರೂ ಕುಲುಮೆಗೇ ಒಯ್ಯಿರಿ.

ಈಗ ಕೆಲಸ.

1. ಗೀರಿನ ಮುಖ ಮೇಲೆ ಬರುವ ಹಾಗೆ ಕುಡುಗೋಲನ್ನು ದಪ್ಪ ಹಲಗೆಗೆ ಬಿಗಿಯಾಗಿ ಕಟ್ಟಿ. ಬಾಯಿ ನಿಮ್ಮ ಕಡೆಗೆ ಇರಬಾರದು. ಬೆನ್ನು ನಿಮ್ಮ ಕಡೆಗಿರಲಿ.

2. ಅರದ ಮೂಲೆಯನ್ನು ಹಳೆಯ ಗೀರಿನಲ್ಲಿ ಕೂರಿಸಿ. ಹಳೆಯ ಓರೆಯನ್ನೇ ಅನುಸರಿಸಿ.

3. ಮುಂದಕ್ಕೆ ಮಾತ್ರ ಒತ್ತಿ ತಳ್ಳಿ. ಹಿಂದಕ್ಕೆ ತರುವಾಗ ಅರವನ್ನು ಎತ್ತಿ. ಒಂದು ಗೀರಿಗೆ ಮೂರು ನಾಲ್ಕು ಸಲ ಸಾಕು. ಎಲ್ಲ ಗೀರಿಗೂ ಲೆಕ್ಕ ಒಂದೇ ಇರಲಿ. ಆಗ ಹಲ್ಲುಗಳು ಸಮ ಬರುತ್ತವೆ.

4. ಪುಡಿಯನ್ನು ಬ್ರಷ್ಷಿನಿಂದ ಗುಡಿಸಿ. ಬಾಯಿಂದ ಊದಬೇಡಿ, ಕಣ್ಣಿಗೆ ಬೀಳುತ್ತದೆ. ಕೈಯಿಂದ ಒರೆಸಬೇಡಿ, ಚುಚ್ಚುತ್ತದೆ.

5. ಕೊನೆಗೆ ನುಣ್ಣನೆಯ ಮುಖವನ್ನು ಮಸೆಯಿರಿ. ಸ್ವಲ್ಪ ಎಣ್ಣೆ ಸವರಿಡಿ. ತುಕ್ಕು ಹಿಡಿಯುವುದಿಲ್ಲ.

ಒಂದು ಅರವನ್ನು ಹತ್ತು ಜನ ಸೇರಿ ಕೊಳ್ಳಬಹುದು. ನಿಮ್ಮ ಮಹಿಳಾ ಸಂಘದಲ್ಲಿ ಮಾತಾಡಿ.

ಎಚ್ಚರ! ಎಚ್ಚರ!

* ಉಳಿಯ ತಲೆ ಏಟು ತಿಂದು ಅಣಬೆಯ ಹಾಗೆ ಅರಳಿದ್ದರೆ ಬಳಸಬೇಡಿ. ಅದರ ಚೂರು ಸಿಡಿಯುತ್ತದೆ. ಅಂಚನ್ನು ಉಜ್ಜಿ ತೆಗೆದ ಮೇಲೆ ಬಳಸಿ.
* ಅರವನ್ನು ಸುತ್ತಿಗೆಯಿಂದ ಹೊಡೆಯಬೇಡಿ. ಅದು ಗಾಜಿನ ಹಾಗೆ ಒಡೆಯುತ್ತದೆ.
* ಕೆಲಸ ಮಾಡುವಾಗ ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳು ದೂರ ಇರಲಿ.
* ಗಾಯವಾದರೆ ಶುದ್ಧ ನೀರು, ಸೋಪಿನಿಂದ ತೊಳೆಯಿರಿ. ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬೂದಿ, ಸಗಣಿ, ಮಣ್ಣು ಹಚ್ಚಬೇಡಿ. ಆಸ್ಪತ್ರೆಗೆ ಹೋಗಿ ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ಕೇಳಿ.

ಕೊಳ್ಳುವಾಗ ನೋಡಿ

ಹಿಡಿ ನಿಮ್ಮ ಕೈಗೆ ಹೊಂದಬೇಕು. ಗಂಡಸರ ಕೈಗೆ ಮಾಡಿದ ದಪ್ಪ ಹಿಡಿ ನಿಮಗೆ ಹೊಂದದೇ ಇರಬಹುದು. ತೂಕ ಕಡಿಮೆ ಇದ್ದಷ್ಟೂ ಸಂಜೆಗೆ ಕೈ ಹಗುರ. ಗೀರುಗಳು ಒಂದೇ ಅಂತರದಲ್ಲಿವೆಯೆ, ಬುಡದಿಂದ ತುದಿಯವರೆಗೆ ಇವೆಯೆ ನೋಡಿ. ನೀವು ಎಡಗೈಯಲ್ಲಿ ಕೊಯ್ಯುವವರಾದರೆ ಮೊದಲೇ ಹೇಳಿ. ಗೀರು ಇನ್ನೊಂದು ಮುಖಕ್ಕೆ ಬರಬೇಕಾಗುತ್ತದೆ.

ಹೆಂಗಸರ ಕೈಗೆ ಹೊಂದುವ ಕುಡುಗೋಲಿನ ಬಗ್ಗೆ ವಿಜ್ಞಾನಿಗಳೂ ಕೆಲಸ ಮಾಡಿದ್ದಾರೆ. ಭೋಪಾಲದಲ್ಲಿ 1976ರಲ್ಲಿ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಶುರುವಾಯಿತು. ಅಲ್ಲಿ ಹಗುರವಾದ ಹಲ್ಲು ಕುಡುಗೋಲುಗಳನ್ನು ಪರೀಕ್ಷೆ ಮಾಡಿದ್ದಾರೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂಥ ಸಾಧನಗಳ ವಿಷಯ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕಷ್ಟದ ಪದಗಳು

ಅಲಗು – ಕುಡುಗೋಲಿನ, ಚಾಕುವಿನ ಕಬ್ಬಿಣದ ಭಾಗ
ಬಾಯಿ – ಕೊಯ್ಯುವ ಅಂಚು
ಅರ – ಲೋಹವನ್ನು ಉಜ್ಜುವ ಸಾಧನ
ಉಳಿ – ಗೀರು ಕಡಿಯುವ ಸಾಧನ
ಅಡೆಗಲ್ಲು – ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಗಟ್ಟಿ ಆಸರೆ
ತಿದಿ – ಕುಲುಮೆಯ ಬೆಂಕಿಗೆ ಗಾಳಿ ಒತ್ತುವ ಸಾಧನ

ಲೆಕ್ಕ ಮಾಡಿ

1 ಸೆಂಟಿಮೀಟರಿಗೆ 10 ಮಿಲಿಮೀಟರು. 2 ಮಿಲಿಮೀಟರಿಗೆ ಒಂದು ಗೀರು ಹಾಕಿದರೆ 1 ಸೆಂಟಿಮೀಟರಿನಲ್ಲಿ 5 ಗೀರು. ಬಾಯಿಯ ಉದ್ದ 20 ಸೆಂಟಿಮೀಟರು ಇದ್ದರೆ ಒಟ್ಟು ಗೀರು ಎಷ್ಟು? ಒಂದು ಗೀರಿಗೆ ಒಂದು ಏಟು. ಕಮ್ಮಾರರು ಎಷ್ಟು ಏಟು ಹಾಕಬೇಕು?

ಉತ್ತರ ಹೇಳಿ

1. ಭತ್ತದ ಹುಲ್ಲು ಕುಡುಗೋಲನ್ನು ಸವೆಸುವುದು ಏಕೆ?
2. ಗೀರು ಹಾಕುವುದು ಹದ ಹಾಕುವ ಮೊದಲೋ, ಆಮೇಲೋ? ಏಕೆ?
3. ಹಲ್ಲು ಕುಡುಗೋಲಿನ ಯಾವ ಮುಖ ಮಸೆಯಬೇಕು? ಯಾವ ಮುಖ ಮಸೆಯಬಾರದು?

ಮಾಡಿ ನೋಡಿ

ಮನೆಯ ಕುಡುಗೋಲಿನ ಮೇಲೆ ಅಳತೆಪಟ್ಟಿ ಇಟ್ಟು 1 ಸೆಂಟಿಮೀಟರಿನಲ್ಲಿ ಎಷ್ಟು ಗೀರು ಇವೆ ಎಣಿಸಿ. ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಪಕ್ಕದ ಮನೆಯವರ ಕುಡುಗೋಲಿನಲ್ಲಿ ಎಷ್ಟು ಇವೆ ನೋಡಿ ಬರೆಯಿರಿ. ಯಾವುದು ಚೆನ್ನಾಗಿ ಕೊಯ್ಯುತ್ತದೆ? ಮುಂದಿನ ತರಗತಿಯಲ್ಲಿ ಎಲ್ಲರ ಮುಂದೆ ಓದಿ ಹೇಳಿ.